ವೈಫೈ ಸರ್ಟಿಫಿಕೇಟಿಗೆ ಓದುವವರು ಯಾವ ಟೂಲ್ ಹಿಡಿಯಬೇಕು?

ಹಾಸನದಲ್ಲಿ ಡಿಪ್ಲೊಮಾನೋ ಬಿ.ಇ.ನೋ ಮುಗಿಸಿ ನೆಟ್‌ವರ್ಕಿಂಗ್ ಕಡೆ ಮುಖ ಮಾಡಿದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸಾರ್, ವೈಫೈಗೆ ಯಾವ ಸರ್ಟಿಫಿಕೇಟ್ ಮಾಡ್ಲಿ? ಅದಕ್ಕೆ ಯಾವ ಸಾಫ್ಟ್‌ವೇರ್ ತಗೊಳ್ಲಿ?" ಸಾಫ್ಟ್‌ವೇರ್ ವಿಷಯಕ್ಕೆ ಬರುವ ಮೊದಲು ನಾನು ತಿರುಗಿ ಕೇಳುವುದು ಇಷ್ಟು: ನಿನಗೆ ಗೊತ್ತಾಗಬೇಕಾಗಿರುವುದು ಏನು? ಈ ರೂಮಿಗೆ ಸಿಗ್ನಲ್ ಎಷ್ಟು ಬರುತ್ತಿದೆ ಅಂತಲಾ? ಅಡ್ಡಿ ಎಲ್ಲಿಂದ ಬರುತ್ತಿದೆ ಅಂತಲಾ? ಫೋನಿಗೂ ರೂಟರಿಗೂ ನಡುವಿನ ಮಾತುಕತೆ ಯಾವ ಹಂತದಲ್ಲಿ ಮುರಿದುಬೀಳುತ್ತಿದೆ ಅಂತಲಾ? ಈ ಮೂರು ಪ್ರಶ್ನೆಗೆ ಮೂರು ಬೇರೆ ಟೂಲ್ ಬೇಕು. ಎಷ್ಟು ದುಡ್ಡು ಸುರಿದರೂ ಒಂದರ ಕೆಲಸವನ್ನು ಇನ್ನೊಂದು ಮಾಡಿಕೊಡುವುದಿಲ್ಲ.

ಎದುರಿಗಿರುವ ತೊಂದರೆ ಈ ಮೂರರಲ್ಲಿ ಯಾವ ಜಾತಿಯದು ಎಂದು ಗುರುತಿಸುವುದನ್ನು ಕಲಿಸುವುದೇ ಸರ್ಟಿಫಿಕೇಟಿನ ಓದು. ಹಾಗಾಗಿ ಓದು ಮೊದಲು, ಖರೀದಿ ಆಮೇಲೆ. ಓದುತ್ತಿರುವ ಅಧ್ಯಾಯಕ್ಕೆ ಬೇಕಾದ ಟೂಲ್ ಅನ್ನು ಮಾತ್ರ ಆ ಹೊತ್ತಿಗೆ ಕೈಗೆತ್ತಿಕೊಂಡರೆ ಸಾಕು, ಮತ್ತು ಅವುಗಳಲ್ಲಿ ಹೆಚ್ಚಿನವು ಪುಕ್ಕಟೆ.

ಎರಡು ಬಾಗಿಲು

ವೈರ್‌ಲೆಸ್ ಕೆಲಸಕ್ಕೆ ಒಳಹೋಗುವವರು ಸಾಮಾನ್ಯವಾಗಿ ಹಾಯುವ ಬಾಗಿಲು ಎರಡು. ಮೊದಲನೆಯದು ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೋ ಕಂಪನಿಯ ಸಿಸಿಎನ್‌ಎ. ಹಿಂದೆ ಸಿಸಿಎನ್‌ಎ ವೈರ್‌ಲೆಸ್ ಎಂದೇ ಪ್ರತ್ಯೇಕ ಪರೀಕ್ಷೆ ಇತ್ತು. 2020ರ ಫೆಬ್ರವರಿಯಲ್ಲಿ ಸಿಸ್ಕೋ ಆ ಕವಲುಗಳನ್ನೆಲ್ಲ ನಿಲ್ಲಿಸಿ 200-301 ಎಂಬ ಒಂದೇ ಪರೀಕ್ಷೆ ಮಾಡಿತು. ಅದಕ್ಕೂ ಹಿಂದಿನ ನೋಟ್ಸು ಇವತ್ತಿಗೂ ಹಾಸ್ಟೆಲಿನಿಂದ ಹಾಸ್ಟೆಲಿಗೆ ಕೈ ಬದಲಾಗುತ್ತಿರುತ್ತದೆ, ಓದಲು ಕೂರುವ ಮೊದಲು ಮೇಲಿನ ನಂಬರ್ ನೋಡಿಕೊಳ್ಳಿ. 120 ನಿಮಿಷದ ಈ ಪರೀಕ್ಷೆಯಲ್ಲಿ ಸ್ವಿಚ್, ವಿಎಲ್ಯಾನ್, ಐಪಿ, ರೂಟಿಂಗ್ ಮುಂತಾದ ಒಟ್ಟಾರೆ ನೆಟ್‌ವರ್ಕಿಂಗ್ ವಿಷಯಗಳದೇ ಕಾರುಬಾರು. ವೈಫೈ ಅದರ ನಡುವೆ ಒಂದಿಷ್ಟು ಬಂದು ಹೋಗುತ್ತದೆ.

ಎರಡನೆಯದು ಸಿಡಬ್ಲ್ಯೂಎನ್‌ಪಿ ಸಂಸ್ಥೆಯ ಪರೀಕ್ಷೆಗಳು. ಇವು ಯಾವ ಕಂಪನಿಯ ಬಾಕ್ಸಿಗೂ ಅಂಟಿಕೊಂಡಿಲ್ಲ, ರೇಡಿಯೊ ಅಲೆ ಮತ್ತು 802.11 ಎಂಬ ವೈಫೈ ನಿಯಮಗಳ ಮೇಲೆ ನಿಂತಿವೆ. ಬುಡದಲ್ಲಿರುವುದು ಸಿಡಬ್ಲ್ಯೂಎನ್‌ಎ: 60 ಪ್ರಶ್ನೆ, 90 ನಿಮಿಷ, ಪಾಸಾಗಲು ಶೇ. 70, ಸಿಕ್ಕ ಸರ್ಟಿಫಿಕೇಟ್ 3 ವರ್ಷ ಚಾಲ್ತಿ. ಅದರ ಮೇಲೆ ಭದ್ರತೆಗೆ ಸಿಡಬ್ಲ್ಯೂಎಸ್‌ಪಿ, ಪ್ಯಾಕೆಟ್ (ಡೇಟಾ ತುಣುಕು) ವಿಶ್ಲೇಷಣೆಗೆ ಸಿಡಬ್ಲ್ಯೂಎಪಿ, ವಿನ್ಯಾಸಕ್ಕೆ ಸಿಡಬ್ಲ್ಯೂಡಿಪಿ. ಇಷ್ಟನ್ನೂ ಮುಗಿಸಿ, ಕೆಲಸದ ಅನುಭವ ತೋರಿಸಿ, ಬಲ್ಲವರ ಶಿಫಾರಸು ತಂದವರಿಗೆ ಸಿಡಬ್ಲ್ಯೂಎನ್‌ಇ.

ನನ್ನ ಅಭಿಪ್ರಾಯ ಕೇಳಿದರೆ, ಇನ್ನೂ ಕೆಲಸ ಸಿಗದವರು ಸಿಸಿಎನ್‌ಎ ಮೊದಲು ಮಾಡಲಿ. ಬೆಂಗಳೂರಿನ ಕೆಲಸದ ಜಾಹೀರಾತುಗಳಲ್ಲಿ ಹೆಸರು ಹಿಡಿದು ಕೇಳುವುದು ಅದನ್ನೇ. ಇನ್ನೊಂದು ಕಾರಣವೂ ಇದೆ. "ವೈಫೈ ಸರಿ ಇಲ್ಲ" ಎಂದು ಬರುವ ಎಷ್ಟೋ ದೂರುಗಳಿಗೆ ವೈಫೈ ಕಾರಣವೇ ಆಗಿರುವುದಿಲ್ಲ. ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇ ಅಂದುಕೊಳ್ಳಿ. ನೆಟ್ ಬಳಸುವ ಪ್ರತಿ ಫೋನಿಗೂ ರೂಟರ್ ಒಂದು ಐಪಿ ವಿಳಾಸ ಕೊಡಬೇಕು; ಇಲ್ಲಿ ಹಂಚಲು ಇಟ್ಟಿರುವುದು 50, ಒಮ್ಮೆ ಕೊಟ್ಟದ್ದನ್ನು 24 ಗಂಟೆ ಹಿಡಿದಿಡುವ ಸೆಟ್ಟಿಂಗ್. ಶನಿವಾರ ಬಂದ ಗುಂಪು ಭಾನುವಾರ ಹತ್ತಕ್ಕೆ ರೂಮ್ ಖಾಲಿ ಮಾಡಿ ಹೊರಡುತ್ತದೆ, ಆದರೆ ಅವರ ಫೋನುಗಳ ವಿಳಾಸ ರೂಟರಿನ ಲೆಕ್ಕದಲ್ಲಿ ಇನ್ನೂ ಖಾಲಿಯಾಗಿರುವುದಿಲ್ಲ. ಮಧ್ಯಾಹ್ನ ಬಂದವರಿಗೆ ಸಿಗ್ನಲ್ ತುಂಬ ಕಾಣುತ್ತದೆ, ನೆಟ್ ಮಾತ್ರ ಇಲ್ಲ. ಇಲ್ಲಿ ಹೊಸ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ತಂದು ಹಾಕಿದರೆ ಮಾಲೀಕರ ದುಡ್ಡು ದಂಡ. ವಿಳಾಸ ಹಿಡಿದಿಡುವ ಆ ಲೀಸ್ ಸಮಯವನ್ನು ಎರಡು ಗಂಟೆಗೆ ಇಳಿಸಿ, ವಿಳಾಸಗಳ ಪೂಲ್ ದೊಡ್ಡದು ಮಾಡಿದರೆ ಕೆಲಸ ಮುಗಿಯಿತು. ಇದು ಸಿಸಿಎನ್‌ಎ ಓದಿದವರಿಗೆ ಹೊಳೆಯುವ ವಿಷಯ. ಕೇಬಲ್ ಎಳೆದು, ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ದುಡಿದು ಇದೆಲ್ಲ ಆಗಲೇ ಅರಗಿಸಿಕೊಂಡವರು ನೇರವಾಗಿ ಸಿಡಬ್ಲ್ಯೂಎನ್‌ಎಗೆ ಹೋಗಬಹುದು.

ಡಿಬಿ ಲೆಕ್ಕ ಬಿಟ್ಟರೆ ಮುಂದೆ ದಾರಿಯಿಲ್ಲ

ಹೆಚ್ಚಿನವರು ಎಡವುವುದು ಡೆಸಿಬೆಲ್ (ಡಿಬಿ) ಅಧ್ಯಾಯದಲ್ಲಿ. ಲಾಗ್ ಎಂದ ತಕ್ಷಣ ಪುಟ ತಿರುಗಿಸಿಬಿಡುತ್ತಾರೆ. ನೆನಪಿಡಬೇಕಾದ್ದು ಬಹಳ ಇಲ್ಲ. ಡಿಬಿಎಂ ಎಂದರೆ 1 ಮಿಲಿವ್ಯಾಟಿಗೆ ಹೋಲಿಸಿ ಹೇಳುವ ಶಕ್ತಿ, ಹಾಗಾಗಿ 1 ಮಿಲಿವ್ಯಾಟ್ ಎಂದರೆ 0 ಡಿಬಿಎಂ. 3 ಡಿಬಿ ಏರಿದರೆ ಶಕ್ತಿ ಎರಡು ಪಟ್ಟು, 10 ಡಿಬಿ ಏರಿದರೆ ಹತ್ತು ಪಟ್ಟು. ಇಳಿಯುವುದೂ ಇದೇ ಲೆಕ್ಕದಲ್ಲಿ. 100 ಮಿಲಿವ್ಯಾಟ್ 20 ಡಿಬಿಎಂ ಆಗುವುದು ಹೀಗೆ. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡಿಬಿ ನಷ್ಟ.

ಈಗ ಒಂದು ಲೆಕ್ಕ ಮಾಡಿ ನೋಡೋಣ. 5 ಗಿಗಾಹರ್ಟ್ಸ್‌ನಲ್ಲಿ ಮೊದಲ ಒಂದು ಮೀಟರಿನಲ್ಲೇ ಸುಮಾರು 47 ಡಿಬಿ ಕರಗಿಹೋಗುತ್ತದೆ. 20 ಡಿಬಿಎಂನಲ್ಲಿ ಹೊರಟ ಅಲೆ ಒಂದು ಮೀಟರ್ ದಾಟುವಾಗ ಮೈನಸ್ 27. ಎರಡು ಮೀಟರಿಗೆ ಮೈನಸ್ 33, ನಾಲ್ಕಕ್ಕೆ 39, ಎಂಟಕ್ಕೆ 45, ಹದಿನಾರಕ್ಕೆ 51. ಧ್ವನಿ ಕರೆ ತುಂಡಾಗದೆ ಓಡಬೇಕಾದರೆ ಮೈನಸ್ 67ಕ್ಕಿಂತ ಕೆಳಗೆ ಹೋಗಬಾರದು ಎಂಬುದು ವಿನ್ಯಾಸಕಾರರು ಸಾಮಾನ್ಯವಾಗಿ ಹಿಡಿಯುವ ಗೆರೆ. ಅಂದರೆ ಹದಿನಾರು ಮೀಟರ್ ದೂರದಲ್ಲಿ ನಿಮ್ಮ ಕೈಯಲ್ಲಿ ಉಳಿದದ್ದು 16 ಡಿಬಿ. ಗೋಡೆಗಳ ಲೆಕ್ಕವೆಲ್ಲ ಅದರೊಳಗೇ ಮುಗಿಯಬೇಕು. ಹಳೆಯ ಎಸ್ಟೇಟ್ ಬಂಗಲೆಯ ಗೋಡೆ ಎಷ್ಟು ತಿನ್ನುತ್ತದೆ ಎಂದು ಪುಸ್ತಕದ ಪಟ್ಟಿಯಲ್ಲಿ ಹುಡುಕಬೇಡಿ. ಗೋಡೆಯ ಈಚೆ ನಿಂತು ಒಮ್ಮೆ, ಆಚೆ ನಿಂತು ಒಮ್ಮೆ ಅಳೆಯಿರಿ. ವ್ಯತ್ಯಾಸವೇ ಆ ಗೋಡೆಯ ಡಿಬಿ.

ಹಾಸನದವರಿಗೆ ಈ ಸೂತ್ರದ ತಾಕತ್ತು ತೋರಿಸಲು ಊರಲ್ಲೇ ಒಂದು ಉದಾಹರಣೆ ಇದೆ. 1982ರಿಂದ ಇಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಎಂಸಿಎಫ್, 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯ ಉಪಗ್ರಹಗಳೊಂದಿಗೆ ಮಾತಾಡುತ್ತದೆ. ಆ ದೂರದಲ್ಲಿ 4 ಗಿಗಾಹರ್ಟ್ಸ್ ಅಲೆಗೆ ಆಗುವ ನಷ್ಟ ಸುಮಾರು 196 ಡಿಬಿ. ನಿಮ್ಮ ಹಾಲಿನಿಂದ ಅಡುಗೆಮನೆಗೆ ಲೆಕ್ಕ ಹಾಕಿದ್ದೂ ಅದೇ ಸೂತ್ರ.

ಈ ಅಧ್ಯಾಯಕ್ಕೆ ಬೇಕಾದ ಟೂಲ್ ಸುತ್ತಲಿನ ವೈಫೈಗಳ ಸಿಗ್ನಲನ್ನು ಅಂಕಿಯಲ್ಲಿ ತೋರಿಸುವ ಒಂದು ಸ್ಕ್ಯಾನರ್, ಅಷ್ಟೇ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಹೆಸರಿನ ಮುಕ್ತ ತಂತ್ರಾಂಶ ಸಿಗುತ್ತದೆ, ಸಾಕು. ಸಿಗ್ನಲ್ ಕಡ್ಡಿ ಎಣಿಸುವುದನ್ನು ಬಿಡಿ. ನಾಲ್ಕು ಕಡ್ಡಿಗೆ ಎಷ್ಟು ಡಿಬಿಎಂ ಎಂಬುದು ಫೋನಿನಿಂದ ಫೋನಿಗೆ ಬೇರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಬಹುದು. ನೀವು ನಡೆದು ಪಕ್ಕದ ಕೋಣೆಗೆ ಹೋಗಿದ್ದರೂ ಪರದೆಯ ಮೇಲೆ ಹಿಂದಿನ ಕೋಣೆಯ ಅಂಕಿಯೇ ನಿಂತಿರುತ್ತದೆ. ಆಂಡ್ರಾಯ್ಡ್ 10 ಆದಮೇಲೆ ಡೆವಲಪರ್ ಆಯ್ಕೆಗಳಲ್ಲಿ ಈ ಮಿತಿಯನ್ನು ತೆಗೆಯುವ ಸ್ವಿಚ್ ಕೊಟ್ಟಿದ್ದಾರೆ. ಐಫೋನಿನವರಿಗೆ ಆಯ್ಕೆ ಕಡಿಮೆ, ಆ್ಯಪಲ್‌ನ ಏರ್‌ಪೋರ್ಟ್ ಯುಟಿಲಿಟಿಯ ಸೆಟ್ಟಿಂಗ್‌ನಲ್ಲಿ ಸ್ಕ್ಯಾನರ್ ಆನ್ ಮಾಡಿಕೊಳ್ಳಬೇಕು.

ಫೋನ್ ಹಿಡಿದು ಹಾಸನದ ಬಿ.ಎಂ. ರಸ್ತೆಯಲ್ಲಿ ನಿಂತರೆ ಚಾನಲ್ ಅಧ್ಯಾಯ ಪೂರ್ತಿ ಪರದೆಯ ಮೇಲೆ ಸಿಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದು ಚಾನಲ್ ಆಕ್ರಮಿಸುವ ಜಾಗ ಮಾತ್ರ 20. ಆದ್ದರಿಂದಲೇ ಒಂದರ ಮೇಲೊಂದು ಬೀಳದೆ ನಿಲ್ಲುವುದು 1, 6, 11. ಎಲ್ಲರೂ 1ರಲ್ಲೂ 6ರಲ್ಲೂ ಇದ್ದಾರೆ, ನಾನು 3ಕ್ಕೆ ಹೋಗುತ್ತೇನೆ ಎನ್ನುವ ಜಾಣತನ ಕೆಟ್ಟದ್ದು. ಒಂದೇ ಚಾನಲಿನಲ್ಲಿದ್ದರೆ ರೂಟರುಗಳು ಒಂದರ ಮಾತು ಒಂದಕ್ಕೆ ಕೇಳಿ ಸರದಿ ಪಾಲಿಸುತ್ತವೆ. 3ಕ್ಕೆ ಹೋದವನ ಮಾತು ಎರಡೂ ಕಡೆಯವರಿಗೆ ಅರ್ಥವಾಗದ ಗದ್ದಲ. ಇನ್ನೂ ಒಂದು ಕಿವಿಮಾತು: ಭಾರತದಲ್ಲಿ 12, 13ನೇ ಚಾನಲ್ ಬಳಸಬಹುದು, ಆದರೆ ಅಮೆರಿಕದಲ್ಲಿ ಮಾರುವ ಹಲವು ಸಾಧನಗಳು ಅವುಗಳತ್ತ ತಿರುಗಿಯೂ ನೋಡುವುದಿಲ್ಲ. ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ 13 ಇಟ್ಟರೆ ಅಮೆರಿಕದಿಂದ ಬಂದ ಅತಿಥಿಗೆ ನಿಮ್ಮ ವೈಫೈ ಹೆಸರೇ ಕಾಣದಿರಬಹುದು.

ಸರದಿ ಎಂದೆನಲ್ಲ, ಪರೀಕ್ಷೆಯ ಎಷ್ಟೋ ಪ್ರಶ್ನೆಗಳ ತಿರುಳು ಅಲ್ಲೇ ಇದೆ. ವೈಫೈ ಎಂದರೆ ತೋಟದೊಳಗಿನ ಒಂಟಿ ಜೀಪ್ ರಸ್ತೆ. ಒಬ್ಬರು ಹೋಗುವಾಗ ಉಳಿದವರು ಅಗಲ ಇದ್ದ ಕಡೆ ನಿಂತು ಕಾಯಬೇಕು, ಮುಂದೆ ಗೊಬ್ಬರ ತುಂಬಿದ ಟ್ರ್ಯಾಕ್ಟರ್ ಏರುತ್ತಿದ್ದರೆ ಹಿಂದಿನ ಹೊಸ ಜೀಪಿನ ವೇಗ ಲೆಕ್ಕಕ್ಕಿಲ್ಲ. ದೂರದ ಮೂಲೆಯಲ್ಲಿ ಕಡಿಮೆ ದರದಲ್ಲಿ ತೊದಲುವ ಒಂದು ಹಳೇ ಫೋನು ಎಲ್ಲರ ಸಮಯ ತಿನ್ನುವುದು ಹೀಗೆ. ರೂಟರ್ ಡಬ್ಬದ ಮೇಲೆ ಬರೆದ ವೇಗ ಗಿರಾಕಿಗೆ ಸಿಗದಿರುವುದಕ್ಕೂ ಇದೇ ಕಾರಣ. ರೂಟರಿನಲ್ಲಿಟ್ಟ ಒಂದೊಂದು ವೈಫೈ ಹೆಸರಿಗೂ "ನಾನಿಲ್ಲಿದ್ದೇನೆ" ಎಂದು ಸಾರುವ ಒಂದು ಬೀಕನ್ ಸಾಮಾನ್ಯವಾಗಿ ಪ್ರತಿ 102.4 ಮಿಲಿಸೆಕೆಂಡಿಗೆ ಹೊರಡುತ್ತದೆ. ಗೆಸ್ಟ್, ಸ್ಟಾಫ್, ಕ್ಯಾಮೆರಾ, ಆಫೀಸ್ ಎಂದು ಹೆಸರು ಹೆಚ್ಚಿಸಿದಷ್ಟೂ ರಸ್ತೆಯಲ್ಲಿ ಖಾಲಿ ಗಾಡಿ ಹೆಚ್ಚು.

ಸ್ಕ್ಯಾನರಿಗೆ ಕಾಣದ್ದು

ಸ್ಕ್ಯಾನರ್ ನೋಡುವುದು ಬೀಕನ್ ಮುಂತಾದ, ವೈಫೈ ಸಾಧನಗಳು ಗಾಳಿಯಲ್ಲಿ ಕಳಿಸುವ ಸಂದೇಶದ ತುಣುಕುಗಳನ್ನು, ಅಂದರೆ ವೈಫೈ ಫ್ರೇಮ್‌ಗಳನ್ನು ಮಾತ್ರ. ವೈಫೈ ಅಲ್ಲದ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಒಂದು ಬೇಕರಿ ಕೌಂಟರ್ ಎಂದುಕೊಳ್ಳಿ (ಹಾಸನ ಜಿಲ್ಲೆಯವರಿಗೆ ಬೇಕರಿ ಉದಾಹರಣೆ ಬಿಟ್ಟು ಬೇರೆ ಯಾವುದು ಕೊಡುವುದು!). ಬಿಲ್ಲಿಂಗ್ ಟ್ಯಾಬ್ಲೆಟ್ ದಿನವಿಡೀ ಚೆನ್ನಾಗಿರುತ್ತದೆ, ಸಂಜೆ ಐದರ ನಂತರ ಆಗಾಗ ಒಂದು ನಿಮಿಷ ಸತ್ತಹಾಗೆ ನಿಂತುಬಿಡುತ್ತದೆ. ಸ್ಕ್ಯಾನರಿನಲ್ಲಿ ಮೈನಸ್ 45, ಅದ್ಭುತ ಸಿಗ್ನಲ್. ಚಾನಲ್ 11ರಲ್ಲಿ ಬೇರೆ ಯಾರೂ ಇಲ್ಲ. ರೂಟರ್ ಬದಲಾಯಿಸಿದರೂ ಅದೇ ಕಥೆ.

ಸಂಜೆ ಐದಕ್ಕೆ ಪಫ್ಸ್ ಕೇಳುವವರು ಹೆಚ್ಚು. ಕೌಂಟರ್ ಹಿಂದಿನ ಮೈಕ್ರೋವೇವ್ ಓವನ್ 2.45 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತದೆ, ಅದರಿಂದ ಸೋರುವ ಅಲ್ಪಸ್ವಲ್ಪ ಶಕ್ತಿಯೂ ಹತ್ತಿರದ ವೈಫೈಗೆ ಭಾರಿ. ವೈಫೈ ಇರಲಿ ಬಿಡಲಿ, ಗಾಳಿಯಲ್ಲಿರುವ ರೇಡಿಯೊ ಶಕ್ತಿಯನ್ನೆಲ್ಲ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಇಟ್ಟರೆ ಬ್ಯಾಂಡಿನ ಮೇಲ್ತುದಿಯಲ್ಲಿ ಗುಡ್ಡದಂತೆ ಎದ್ದು ಕಾಣುತ್ತದೆ. ಮನೆ ಕರೆಂಟಿನ 50 ಹರ್ಟ್ಸ್‌ಗೆ ತಕ್ಕಂತೆ ಸಾದಾ ಓವನ್ ಅರ್ಧ ಆವರ್ತ ಉರಿದು ಅರ್ಧ ಆವರ್ತ ಆರುವುದರಿಂದ, ಹತ್ತು ಹತ್ತು ಮಿಲಿಸೆಕೆಂಡಿನ ಅಂತರದಲ್ಲಿ ಹೊಡೆತ ಬೀಳುತ್ತಿರುವುದೂ ಗೊತ್ತಾಗುತ್ತದೆ.

ಇದಕ್ಕೆಂದು ಯುಎಸ್‌ಬಿಗೆ ಚುಚ್ಚುವ ಸಾಧನಗಳಿವೆ, ವೈ-ಸ್ಪೈ ಅವುಗಳಲ್ಲಿ ಹೆಸರಾದದ್ದು. ಕಲಿಯುವವರ ಜೇಬಿಗೆ ಭಾರವೇ. ಪರೀಕ್ಷೆಗೆ ಸ್ಪೆಕ್ಟ್ರಮ್ ಚಿತ್ರಗಳನ್ನು ಗುರುತಿಸಲು ಬಂದರೆ ಸಾಕು, ಸ್ವಂತ ಸಾಧನ ಬೇಡ. ಬೇಕರಿಯಲ್ಲಿ ಸಾಧನವಿಲ್ಲದೆಯೂ ಪರೀಕ್ಷಿಸಬಹುದು: ಲ್ಯಾಪ್‌ಟಾಪಿನಿಂದ ರೂಟರಿಗೆ ನಿಲ್ಲದೆ ಪಿಂಗ್ ಹಾಕಿ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುವ ಸಮಯ ಅಳೆಯುವುದು), ಒಂದು ಲೋಟ ನೀರಿಟ್ಟು ಓವನ್ ಆನ್ ಮಾಡಿಸಿ, ಪಿಂಗ್ ಸಮಯ ಗಮನಿಸಿ. ಆನ್ ಆದಾಗ ಏರಿ, ಆಫ್ ಆದಾಗ ಇಳಿದರೆ ಕಳ್ಳ ಸಿಕ್ಕ. ಟ್ಯಾಬ್ಲೆಟ್ಟನ್ನು 5 ಗಿಗಾಹರ್ಟ್ಸ್‌ಗೆ ದಾಟಿಸಿ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆ ಬ್ಯಾಂಡಿನಲ್ಲಿ 605 ಮೆಗಾಹರ್ಟ್ಸ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದರಿಂದ ಚಾನಲ್‌ಗಳಿಗೆ ಬರವಿಲ್ಲ.

ಪ್ಯಾಕೆಟ್ ಹಿಡಿಯುವುದು

ಇನ್ನು ಪ್ಯಾಕೆಟ್ ಹಿಡಿದು ಬಿಡಿಸಿ ತೋರಿಸುವ ತಂತ್ರಾಂಶ, ವೈರ್‌ಶಾರ್ಕ್. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಇಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದದ್ದು, 2006ರಲ್ಲಿ ಈಗಿನ ಹೆಸರಿಗೆ ಬದಲಾಯಿತು. ಪುಕ್ಕಟೆ, ಮತ್ತು ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ತಂತ್ರಾಂಶಗಳಿಗಿಂತ ಆಳ. ಆದರೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ವೈಫೈ ಕಾರ್ಡ್ ಆರಿಸಿದವರಿಗೆ ನಿರಾಸೆ ಕಾದಿರುತ್ತದೆ. ತನ್ನದೇ ಲ್ಯಾಪ್‌ಟಾಪಿನ ಓಡಾಟ ಬಿಟ್ಟರೆ ಬೇರೇನೂ ಕಾಣದು, ಅದೂ ಈಥರ್ನೆಟ್ ವೇಷದಲ್ಲಿ. ಬೀಕನ್ ಇಲ್ಲ, ಡಿಬಿಎಂ ಇಲ್ಲ.

ಗಾಳಿಯಲ್ಲಿರುವ ಫ್ರೇಮ್‌ಗಳನ್ನು ಇದ್ದಹಾಗೇ ಹಿಡಿಯಬೇಕಾದರೆ ಕಾರ್ಡನ್ನು ಮಾನಿಟರ್ ಮೋಡ್‌ಗೆ ಹಾಕಬೇಕು. ಮ್ಯಾಕ್ ಇದ್ದವರಿಗೆ ಸುಲಭ. ಆಪ್ಷನ್ ಕೀ ಒತ್ತಿ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಸಿಗುವ ವೈರ್‌ಲೆಸ್ ಡಯಾಗ್ನೋಸ್ಟಿಕ್ಸ್‌ನಲ್ಲೇ ಸ್ನಿಫರ್ ಇದೆ. ಉಳಿದವರು ಲಿನಕ್ಸ್ ಹಾಕಿಕೊಂಡು, ಮಾನಿಟರ್ ಮೋಡ್ ಒಪ್ಪುವ ಚಿಪ್‌ಸೆಟ್ ಇರುವ ಯುಎಸ್‌ಬಿ ಅಡಾಪ್ಟರ್ ಕೊಳ್ಳಬೇಕು. ಕೊಳ್ಳುವಾಗ ಕಂಪನಿ ಹೆಸರಿಗಿಂತ ಚಿಪ್‌ಸೆಟ್ ಕೇಳಿ. ಒಂದೇ ಮಾಡೆಲಿನ ಹೆಸರಿನಡಿ ಒಳಗಿನ ಚಿಪ್ ಬದಲಾಗಿರುವುದುಂಟು. ಅಡಾಪ್ಟರ್ ಹಳೆಯ ತಲೆಮಾರಿನ 802.11ಎನ್‌ನದಾಗಿದ್ದು ನೆಟ್‌ವರ್ಕ್ ವೈಫೈ 6 ಆಗಿದ್ದರೆ ಬೀಕನ್‌ನಂಥ ಮ್ಯಾನೇಜ್‌ಮೆಂಟ್ ಫ್ರೇಮ್ ಸಿಗುತ್ತದೆ, ವೇಗದ ಡೇಟಾ ಫ್ರೇಮ್ ಸಿಗುವುದಿಲ್ಲ.

ಹಿಡಿದ ಮೇಲೆ ಏನು ನೋಡಬೇಕು? ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಜಾಗ ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತೆಯಲ್ಲಿ ಪಾಸ್‌ವರ್ಡ್ ತಾಳೆ ನೋಡುವ ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್. ಸ್ವಂತ ರೂಟರಿನ ಮುಂದೆ ಕೂತು, ಕ್ಯಾಪ್ಚರ್ ಶುರು ಮಾಡಿ, ಫೋನಿನಲ್ಲಿ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡಿ. ಅಥೆಂಟಿಕೇಷನ್, ಅಸೋಸಿಯೇಷನ್ ಎಂಬ ಮೊದಲ ಎರಡು ಹಂತಗಳೂ ನಗುನಗುತ್ತಾ ಮುಗಿಯುತ್ತವೆ, ಪಾಸ್‌ವರ್ಡಿನ ಮಾತು ಅಲ್ಲಿ ಇನ್ನೂ ಬಂದಿಲ್ಲ. ಆಮೇಲೆ ಆಕ್ಸೆಸ್ ಪಾಯಿಂಟ್ ಮೊದಲ ಸಂದೇಶ ಕಳಿಸುತ್ತದೆ, ಫೋನು ಎರಡನೆಯದನ್ನು ಕಳಿಸುತ್ತದೆ. ಆ ಎರಡನೆಯದರಲ್ಲಿ ಪಾಸ್‌ವರ್ಡಿನಿಂದ ಹುಟ್ಟಿದ ಕೀಯಿಂದ ಹಾಕಿದ ಒಂದು ಮುದ್ರೆ ಇರುತ್ತದೆ. ತಾಳೆ ಬೀಳದಿದ್ದರೆ ಆಕ್ಸೆಸ್ ಪಾಯಿಂಟ್ "ತಪ್ಪು" ಎಂದು ಹೇಳುವುದಿಲ್ಲ, ಬಂದದ್ದನ್ನು ಸುಮ್ಮನೆ ಬಿಸಾಕಿ ಮೊದಲ ಸಂದೇಶವನ್ನೇ ಮತ್ತೆ ಕಳಿಸುತ್ತದೆ. ಪರದೆಯ ಮೇಲೆ ಒಂದು, ಎರಡು, ಒಂದು, ಎರಡು ಎಂದು ಸಾಲು ಸಾಗಿ, ಕೊನೆಗೆ ಸಂಪರ್ಕ ಕಡಿಯುವ ಡೀಅಥೆಂಟಿಕೇಷನ್ ಫ್ರೇಮ್. ಅದನ್ನು ಬಿಡಿಸಿ ನೋಡಿದರೆ ಕಾರಣ ಸಂಖ್ಯೆ 15 ಎಂದಿರುತ್ತದೆ, ಹ್ಯಾಂಡ್‌ಶೇಕ್ ಸಮಯ ಮೀರಿತು ಎಂದು ಅರ್ಥ. ಈಗ ಸರಿಯಾದ ಪಾಸ್‌ವರ್ಡ್ ಕೊಟ್ಟು ನೋಡಿ, ಮೂರು ಮತ್ತು ನಾಲ್ಕು ಬರುತ್ತವೆ.

ಗಿರಾಕಿ "ಪಾಸ್‌ವರ್ಡ್ ಸರಿಯಾಗೇ ಹಾಕಿದೀನಿ ಕಣ್ರೀ" ಎಂದು ಪಟ್ಟು ಹಿಡಿದಾಗ ಈ ಒಂದು-ಎರಡು ಸಾಲು ಸಾಕು, ವಾದ ಬೇಡ. ನಾಲ್ಕೂ ಮುಗಿದಿದ್ದು ನೆಟ್ ಇಲ್ಲದಿದ್ದರೆ ಮೇಲೆ ಹೇಳಿದ ಐಪಿ ವಿಳಾಸದ ಕಡೆ ಹೋಗಿ. ಅದರ ಮುಂದಿನ ತಲೆಮಾರಾದ ಡಬ್ಲ್ಯೂಪಿಎ3ಯಲ್ಲಿ ಆಟ ಬೇರೆ. ಅಲ್ಲಿ ತಪ್ಪು ಪಾಸ್‌ವರ್ಡ್ ಅಥೆಂಟಿಕೇಷನ್ ಹಂತದಲ್ಲೇ ಸಿಕ್ಕಿಬೀಳುತ್ತದೆ. ಪಾಸ್‌ವರ್ಡ್ ಗೊತ್ತಿದ್ದ ಮಾತ್ರಕ್ಕೆ ಹಿಡಿದಿಟ್ಟ ಡೇಟಾವನ್ನು ವೈರ್‌ಶಾರ್ಕ್‌ನಲ್ಲಿ ಬಿಡಿಸಲೂ ಆಗುವುದಿಲ್ಲ. ಡಬ್ಲ್ಯೂಪಿಎ2ದಲ್ಲಿ ಪಾಸ್‌ವರ್ಡ್ ಜೊತೆ ಹ್ಯಾಂಡ್‌ಶೇಕ್ ಕೂಡ ಕ್ಯಾಪ್ಚರಿನಲ್ಲಿದ್ದರೆ ಆಗುತ್ತದೆ.

ಇದೆಲ್ಲ ನಿಮ್ಮ ಸ್ವಂತ ನೆಟ್‌ವರ್ಕಿನಲ್ಲಿ, ಇಲ್ಲವೇ ಮಾಲೀಕರು ಬರೆದುಕೊಟ್ಟ ಒಪ್ಪಿಗೆಯ ಮೇಲೆ. ಪಕ್ಕದ ಪಿ.ಜಿ.ಯವರ ಫೋನುಗಳನ್ನು ತಮಾಷೆಗೆ ನೆಟ್‌ವರ್ಕಿನಿಂದ ಉದುರಿಸುವ ಪ್ರಯೋಗ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಿಗೆ ನಿಮ್ಮನ್ನು ಪರಿಚಯಿಸುತ್ತದೆ.

ಸರ್ವೆ, ತೋಟ, ಮಳೆ

ಏಕಾಹೌ, ಹಮಿನಾ, ನೆಟ್‌ಸ್ಪಾಟ್‌ನಂಥವು ನಕ್ಷೆಯ ಮೇಲೆ ಸಿಗ್ನಲನ್ನು ಬಣ್ಣದಲ್ಲಿ ತೋರಿಸುವ ಸರ್ವೆ ತಂತ್ರಾಂಶಗಳು. ಬಣ್ಣ ನೋಡಿ ಮರುಳಾಗುವವರು ಬಹಳ. ಹಸಿರು ಎಲ್ಲಿಂದ ಶುರು ಎಂದು ತೀರ್ಮಾನಿಸುವುದು ನೀವು. ಮೈನಸ್ 80ಕ್ಕೂ ಹಸಿರು ಹಚ್ಚುವ ಸೆಟ್ಟಿಂಗ್ ಇಟ್ಟರೆ ಇಡೀ ಹೋಟೆಲ್ ಹಸಿರಾಗುತ್ತದೆ, ಕರೆ ಮಾತ್ರ ತುಂಡಾಗುತ್ತಲೇ ಇರುತ್ತದೆ. ಆಸ್ಪತ್ರೆ, ಕಾಲೇಜು, ರೆಸಾರ್ಟಿನಂಥ ಕೆಲಸ ಕೈಗೆ ಬಂದು, ವರದಿಗೆ ದುಡ್ಡು ಕೊಡುವವರಿದ್ದಾಗ ಏಕಾಹೌ ತನ್ನ ಬೆಲೆ ತಾನೇ ದುಡಿಯುತ್ತದೆ. ಸಿಡಬ್ಲ್ಯೂಎನ್‌ಎ ಓದುವ ಹಂತದಲ್ಲಿ ಮನೆಯ ನಕ್ಷೆ ಕಾಗದದಲ್ಲಿ ಬರೆದು, ಸ್ಕ್ಯಾನರಿನ ಅಂಕಿಗಳನ್ನು ಪೆನ್ಸಿಲಿನಲ್ಲಿ ತುಂಬುವುದೇ ಹೆಚ್ಚು ಕಲಿಸುತ್ತದೆ. ವೇಗ ಅಳೆಯಲು ಐಪರ್ಫ್3 ಬಳಸಿ. ಬ್ರೌಸರಿನ ಸ್ಪೀಡ್ ಟೆಸ್ಟ್ ಹೇಳುವುದು ವೈಫೈ ಮತ್ತು ಬ್ರಾಡ್‌ಬ್ಯಾಂಡ್ ಎರಡೂ ಸೇರಿದ ಕಥೆ, ಐಪರ್ಫ್ ಮನೆಯೊಳಗಿನ ಕಥೆಯನ್ನಷ್ಟೇ ಹೇಳುತ್ತದೆ.

ಚಿಕ್ಕಮಗಳೂರಿನ ಕಡೆಯವರಿಗೆ ಸಿಗುವ ಇನ್ನೊಂದು ಬಗೆಯ ಕೆಲಸವಿದೆ, ಬಂಗಲೆಯಿಂದ ಕಣಕ್ಕೋ ತೋಟದ ರೈಟರ್ (ಲೆಕ್ಕ ಬರೆಯುವವರ) ಮನೆಗೋ ಪಾಯಿಂಟ್ ಟು ಪಾಯಿಂಟ್ ಲಿಂಕ್. ಇಲ್ಲಿ ಸ್ಕ್ಯಾನರಿಗಿಂತ ದುರ್ಬೀನು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ಆಂಟೆನಾ ಒಂದಕ್ಕೊಂದು ಕಂಡರಷ್ಟೇ ಸಾಲದು. ಅಲೆ ಗೆರೆಯಂತೆ ಸಾಗದೆ ನಡುವೆ ಉಬ್ಬಿ ಸಾಗುತ್ತದೆ, ಆ ಉಬ್ಬಿಗೆ ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ಲಿಂಕಿಗೆ ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 3.6 ಮೀಟರ್. ಅದರಲ್ಲಿ ಶೇ. 60, ಅಂದರೆ 2.2 ಮೀಟರಿನಷ್ಟಾದರೂ ಸುತ್ತ ಖಾಲಿ ಇರಬೇಕು. ಬೇಸಿಗೆಯಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮುಗಿದ ಮೇಲೆ ಹಾಕಿದ ಲಿಂಕ್ ಹೊಳೆಯುವಂತೆ ಓಡುತ್ತದೆ. ನೆರಳು ಮರ ಮತ್ತೆ ಚಿಗುರಿ, ಆಷಾಢದ ಮಳೆಯಲ್ಲಿ ಎಲೆಯೆಲ್ಲ ತೊಯ್ದು ಜೋತುಬಿದ್ದಾಗ ಅದೇ ಲಿಂಕ್ ತೆವಳುತ್ತದೆ. "ಮಳೆ ಬಂತು, ನೆಟ್ ಹೋಯ್ತು" ಎಂದು ಎಲ್ಲರೂ ಮಳೆಯನ್ನು ಬೈಯುತ್ತಾರೆ. 5 ಗಿಗಾಹರ್ಟ್ಸ್‌ನಲ್ಲಿ ಮಳೆಹನಿಯೇ ನುಂಗುವುದು ತೀರ ಕಡಿಮೆ, ಒದ್ದೆ ಎಲೆ ನುಂಗುವುದು ಬಹಳ. ಸರಿಯಾಗಿ ಸುತ್ತದ ಕನೆಕ್ಟರಿನೊಳಗೆ ಇಳಿದ ನೀರು ಇನ್ನೂ ಬಹಳ. ಕಂಬದ ಎತ್ತರ ನಿರ್ಧರಿಸುವಾಗ ಇವತ್ತಿನ ಸಿಲ್ವರ್ ಓಕ್ ನೋಡಬೇಡಿ, ಇನ್ನು ಐದು ವರ್ಷಕ್ಕೆ ಅದು ಎಲ್ಲಿಗೆ ಬೆಳೆಯುತ್ತದೆ ಎಂದು ತೋಟದವರನ್ನೇ ಕೇಳಿ.

ದುಡ್ಡು ಹಾಕುವ ಕ್ರಮ ನಾನಾದರೆ ಹೀಗೆ ಇಡುತ್ತೇನೆ: ಚಾಲ್ತಿಯಲ್ಲಿರುವ ಆವೃತ್ತಿಯ ಪಠ್ಯಪುಸ್ತಕ, ಮಾನಿಟರ್ ಮೋಡ್ ಅಡಾಪ್ಟರ್, ಪರೀಕ್ಷಾ ಶುಲ್ಕ. ಶುಲ್ಕ ಡಾಲರಿನಲ್ಲಿದೆ, ಸಿಸಿಎನ್‌ಎಗೆ ತೆರಿಗೆ ಬಿಟ್ಟು 300. ಹಾಗಾಗಿ ತಾರೀಕು ಬುಕ್ ಮಾಡಲು ಅವಸರ ಬೇಡ. ನೀವೇ ಹಿಡಿದ ಒಂದು ಕ್ಯಾಪ್ಚರ್ ತೆರೆದು, ಅದರ ಯಾವ ಫ್ರೇಮ್ ಮೇಲೆ ಬೆರಳಿಟ್ಟರೂ ಯಾರು ಯಾರಿಗೆ ಯಾಕೆ ಕಳಿಸಿದರು, ಮರಳಿ ಕಳಿಸಿದ್ದು ಎಂದು ಸೂಚಿಸುವ ರೀಟ್ರೈ ಬಿಟ್ ಯಾಕೆ ಎದ್ದಿದೆ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಲು ಬಂದ ವಾರ ಬುಕ್ ಮಾಡಿ. ಸ್ಪೆಕ್ಟ್ರಮ್ ಅನಲೈಸರ್ ಮತ್ತು ಸರ್ವೆ ತಂತ್ರಾಂಶವನ್ನು ಅವುಗಳ ಬೆಲೆ ತೆರುವ ಗಿರಾಕಿ ಬಂದ ದಿನ ನೋಡಿಕೊಳ್ಳಬಹುದು.